ಅವಳ ಪರೀಕ್ಷೆಗೆ ನನ್ನ ಕನ್ನಡ

ಕೃಷ್ಣಗಿರಿಯವಳ ಸೂಜಿ ನೋಯುವುದಿಲ್ಲ ಎಂದು ನಮ್ಮ ವಾರ್ಡಿನಲ್ಲಿ ಒಂದು ಮಾತು ಹುಟ್ಟಿಕೊಂಡಿತ್ತು. ಯಾರು ಹುಟ್ಟಿಸಿದರೋ ಗೊತ್ತಿಲ್ಲ. ಗೊತ್ತಾಗಿದ್ದರೆ ಅವರಿಗೆ ನಾನೇ ಒಂದು ಚುಚ್ಚುತ್ತಿದ್ದೆ. ಸೂಜಿ ಇಬ್ಬರದ್ದೂ ಒಂದೇ ಡಬ್ಬಿಯದ್ದು, ಔಷಧಿ ಒಂದೇ ಬಾಟಲಿಯದ್ದು, ಚುಚ್ಚುವ ಜಾಗವೂ ಒಂದೇ. ಆದರೂ ನಾನು ಟ್ರೇ ಹಿಡಿದು ಮಂಚದ ಹತ್ತಿರ ಹೋದರೆ ಬಾಣಂತಿಯರು ಹೊದಿಕೆ ಎಳೆದುಕೊಂಡು, ಆ ಇನ್ನೊಂದು ಹುಡುಗಿ ಎಲ್ಲಿ ಎಂದು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ನಾನು ನಗುನಗುತ್ತಲೇ ಚುಚ್ಚುತ್ತಿದ್ದೆ. ಒಳಗೆ ಉರಿಯುತ್ತಿತ್ತು.

ನಾವು ಹೊಸೂರಿನ ಒಂದು ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯುತ್ತಿದ್ದೆವು. ಕೃಷ್ಣಗಿರಿ ಆಗಷ್ಟೇ ಧರ್ಮಪುರಿಯಿಂದ ಬಿಡಿಸಿಕೊಂಡು ತಾನೇ ಜಿಲ್ಲೆಯಾಗಿತ್ತು, ಹೊಸೂರೂ ಅದಕ್ಕೇ ಸೇರಿತ್ತು. ಆ ಊರಿನಿಂದ ಬಂದವಳಾದ್ದರಿಂದ ಅವಳಿಗೆ ಹೆಮ್ಮೆಯೋ ಹೆಮ್ಮೆ. "ಇನ್ನುಮೇಲೆ ನೀವೆಲ್ಲ ನಮ್ಮ ಕೈಕೆಳಗೆ" ಎಂದು ಊಟದ ಹೊತ್ತಿನಲ್ಲಿ ನಗುತ್ತಿದ್ದಳು. ಹಾಗೆ ಹೇಳುತ್ತಲೇ ತನ್ನ ಡಬ್ಬಿಯಲ್ಲಿದ್ದ ಮಾವಿನಕಾಯಿಯನ್ನು ಎಲ್ಲರ ತಟ್ಟೆಗೂ ಹಾಕುತ್ತಿದ್ದಳು. ಬೇಡ ಎನ್ನಬೇಕು ಎಂದುಕೊಳ್ಳುತ್ತಿದ್ದೆ, ಆದರೆ ಆ ಕಾಯಿ ಬಹಳ ರುಚಿಯಾಗಿರುತ್ತಿತ್ತು.

ನನ್ನಪ್ಪ ಮಾಲೂರು ಕಡೆಯಿಂದ ಬಂದು ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಫಿಟ್ಟರ್ ಆದವರು. ಮನೆ ಅಲ್ಲೇ ಆಲಸನತ್ತಂನಲ್ಲಿ. ನಾನು ಓದಿದ್ದು ಕನ್ನಡ ಶಾಲೆಯಲ್ಲಿ, ತಮಿಳು ಕಲಿತದ್ದು ಬೀದಿಯಲ್ಲಿ, ತೆಲುಗು ಪಕ್ಕದ ಮನೆಯವರ ಜಗಳ ಕೇಳಿ. ಮೂರೂ ಬರುತ್ತಿದ್ದವು. ಆದರೆ ನನ್ನ ತಮಿಳು ಕೇಳಿದರೆ ವಾರ್ಡ್ ಸಿಸ್ಟರ್‌ಗೆ ನಗು ಬರುತ್ತಿತ್ತು. ಕೃಷ್ಣಗಿರಿಯವಳದ್ದು ಅಚ್ಚ ತಮಿಳು. ಅವಳು ರಿಪೋರ್ಟ್ ಒಪ್ಪಿಸುವಾಗ ಸಿಸ್ಟರ್ ಕಣ್ಣು ಅರೆಮುಚ್ಚಿ ಕೇಳುತ್ತಿದ್ದರು. ಅವಳನ್ನು ಮುದ್ದಿಗೆ "ಕಣ್ಣು" ಎಂದು ಕರೆಯುತ್ತಿದ್ದರು, ನನ್ನನ್ನು ಬರೀ ಹುಡುಗಿ ಎನ್ನುವ ಹಾಗೆ "ಏ ಪೊಣ್ಣು" ಎಂದು. ಮೂರು ವರ್ಷದಲ್ಲಿ ಒಂದು ದಿನವೂ ಅದು ಅದಲುಬದಲಾಗಲಿಲ್ಲ.

ಈ ಸಿಸ್ಟರ್ ಕಲಿಸುವ ರೀತಿಯೇ ಬೇರೆ. ಕ್ಲಾಸಿನಲ್ಲಿ ಬೊಂಬೆ ಇಟ್ಟುಕೊಂಡು ಕಲಿತದ್ದನ್ನು ಅವರು ಲೆಕ್ಕಕ್ಕೇ ಇಡುತ್ತಿರಲಿಲ್ಲ. "ಬೊಂಬೆ ಕಿರುಚಲ್ಲ, ಬೊಂಬೆ ಒದೆಯಲ್ಲ, ಬೊಂಬೆ ಸಾಯಲ್ಲ" ಎನ್ನುತ್ತಿದ್ದರು. ನಾವು ಹೆರಿಗೆ ಹೆಂಗಸಿನ ಹೊಟ್ಟೆ ಮುಟ್ಟಿ ನೋಡುವಾಗ, ಗಾಯಕ್ಕೆ ಕಟ್ಟುವಾಗ, ಅವರು ಕೈಕಟ್ಟಿ ನಮ್ಮ ಬೆನ್ನ ಹಿಂದೆ ನಿಲ್ಲುತ್ತಿದ್ದರು. ಮುಗಿಯುವವರೆಗೂ ಒಂದು ಮಾತಿಲ್ಲ. ಮುಗಿದ ಮೇಲೆ ಸರಿಯಿದ್ದರೆ ಸುಮ್ಮನೆ ಮುಂದಿನ ಮಂಚಕ್ಕೆ ಹೋಗುತ್ತಿದ್ದರು, ಇಲ್ಲದಿದ್ದರೆ "ಮತ್ತೆ ಮಾಡು" ಎನ್ನುತ್ತಿದ್ದರು. ನಾನು ಎಷ್ಟೋ ಸಲ ಮತ್ತೆ ಮಾಡಿದ್ದೇನೆ. ಕೃಷ್ಣಗಿರಿಯವಳು ಮಾಡುವಾಗ ಮಾತ್ರ ಅವರು ಹಿಂದೆ ನಿಲ್ಲುತ್ತಿರಲಿಲ್ಲ, ಪಕ್ಕದಲ್ಲಿ ನಿಲ್ಲುತ್ತಿದ್ದರು. ಇಷ್ಟು ಸಣ್ಣ ವ್ಯತ್ಯಾಸ ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ನನ್ನ ಕಣ್ಣಿಗೆ ಕಂಡಿತ್ತು, ಏಕೆಂದರೆ ನಾನು ನೋಡುತ್ತಿದ್ದದ್ದೇ ಅದನ್ನು.

ಒಂದು ವಿಷಯದಲ್ಲಿ ಮಾತ್ರ ನನ್ನದೇ ಮೇಲುಗೈ. ಅಂಚೆಟ್ಟಿ, ನಾಟ್ರಾಂಪಾಳ್ಯ ಕಡೆಯ ಕಾಡಂಚಿನ ಊರುಗಳಿಂದ ಬರುವ ಹೆಂಗಸರಲ್ಲಿ ಕನ್ನಡ ಬಿಟ್ಟು ಬೇರೆ ಬಾರದವರು ಇರುತ್ತಿದ್ದರು. ಆಗ "ಆ ಕನ್ನಡದವಳನ್ನು ಕರೀರಿ" ಎಂದು ಕೂಗು ಬರುತ್ತಿತ್ತು. ಒಬ್ಬೊಬ್ಬರು ಹೊಟ್ಟೆನೋವು ಹೇಳಲು ಹೊರಟು ನಾದಿನಿಯ ಮದುವೆಯಿಂದ ಶುರುಮಾಡುತ್ತಿದ್ದರು. ನಾನು ಎಲ್ಲ ಕೇಳಿಕೊಂಡು, ಜಳ್ಳು ತೂರಿ, "ಸಿಸ್ಟರ್, ನಿನ್ನೆಯಿಂದ ಹೊಟ್ಟೆನೋವು, ವಾಂತಿ ಇಲ್ಲ" ಎಂದು ತಮಿಳಿನಲ್ಲಿ ಒಂದೇ ಸಾಲು ಒಪ್ಪಿಸುತ್ತಿದ್ದೆ. ಆಗ ಸಿಸ್ಟರ್ ತಲೆಯಾಡಿಸುತ್ತಿದ್ದರು. ಆ ತಲೆಯಾಡಿಸುವಿಕೆಗೆ ನಾನು ಇಡೀ ವಾರ ಕಾಯುತ್ತಿದ್ದೆ.

ಕೊನೆಯ ವರ್ಷ ಒಂದು ಸುದ್ದಿ ಬಂತು. ನಮ್ಮ ಬ್ಯಾಚಿನಲ್ಲಿ ಒಬ್ಬಳನ್ನು ಆಸ್ಪತ್ರೆ ಹೆರಿಗೆ ವಾರ್ಡಿಗೇ ಸ್ಟಾಫ್ ನರ್ಸ್ ಆಗಿ ಇಟ್ಟುಕೊಳ್ಳುತ್ತದೆ, ಯಾರನ್ನು ಎಂಬುದು ಪ್ರಾಕ್ಟಿಕಲ್ ಪರೀಕ್ಷೆ ನೋಡಿ ತೀರ್ಮಾನ. ನನಗೆ ಆ ಕೆಲಸ ಬೇಕಿತ್ತು. ಬೇರೆ ಯಾವುದೂ ಬೇಡ, ಅದೇ ಬೇಕಿತ್ತು. ಮೊದಲ ಸಲ ಹೆರಿಗೆ ಕೋಣೆಯಲ್ಲಿ ಒಂದು ಮಗುವಿನ ತಲೆಯನ್ನು ನನ್ನ ಅಂಗೈಯಲ್ಲಿ ಹಿಡಿದ ದಿನವೇ ನನ್ನ ಮನಸ್ಸು ಅಲ್ಲಿ ನಿಂತುಬಿಟ್ಟಿತ್ತು. ಇನ್ನು ಅಪ್ಪ. ಅವರು ಬೆಂಗಳೂರಿಗೆ ಹಾಸ್ಟೆಲಿಗೆಲ್ಲ ಕಳಿಸುವವರಲ್ಲ. "ಹೊಸೂರಲ್ಲೇ ಸಿಕ್ರೆ ಮಾಡು, ಇಲ್ದಿದ್ರೆ ಮನೇಲಿರು" ಎಂದು ಮೊದಲೇ ಹೇಳಿಬಿಟ್ಟಿದ್ದರು. ಅವರ ಮಾತು ಫ್ಯಾಕ್ಟರಿ ಸೈರನ್ ಇದ್ದ ಹಾಗೆ, ಒಮ್ಮೆ ಆದರೆ ಆಯಿತು.

ಪ್ರಾಕ್ಟಿಕಲ್ ಎಂದರೆ ನಿಜವಾದ ವಾರ್ಡು, ನಿಜವಾದ ರೋಗಿ. ಯಾರಿಗೆ ಯಾವ ಮಂಚ ಎಂದು ಚೀಟಿ ಬರೆದು ಕಿಡ್ನಿ ಟ್ರೇಯಲ್ಲಿ ಹಾಕಿ ಎತ್ತಿಸುತ್ತಿದ್ದರು. ಆ ದಿನ ಬಾಗಿಲ ಹತ್ತಿರದ ಮಂಚದಲ್ಲಿ ನಾಟ್ರಾಂಪಾಳ್ಯದ ಹೆಂಗಸೊಬ್ಬಳು ಮಲಗಿದ್ದಳು. ತುಂಬಿದ ಬಸುರಿ, ಕಾಲೆಲ್ಲ ಊತ. ನೋವು ಬಂದ ಮೇಲೆ ಆ ದಾರಿಯಲ್ಲಿ ಬರುವುದಕ್ಕಾಗುವುದಿಲ್ಲ ಎಂದು ಅತ್ತೆ ಮುಂಚೆಯೇ ಕರೆತಂದು ಸೇರಿಸಿದ್ದಳು. ಬೆಳಿಗ್ಗೆ ಬಿಪಿ ಸ್ವಲ್ಪ ಹೆಚ್ಚಿತ್ತು, ನೋಡುತ್ತಿರಿ ಎಂದು ಡಾಕ್ಟರ್ ಹೇಳಿ ಹೋಗಿದ್ದರು. ಅವಳಿಗೆ ಕನ್ನಡ ಬಿಟ್ಟು ಬೇರೆ ಬರುತ್ತಿರಲಿಲ್ಲ. ಆ ಚೀಟಿ ನನಗೇ ಬರಬೇಕು ಎಂದು ಇದ್ದಬದ್ದ ದೇವರಿಗೆಲ್ಲ ಕೈಮುಗಿದು ಟ್ರೇಗೆ ಕೈ ಹಾಕಿದೆ. ಬಂದದ್ದು ಮೂಲೆಯ ಮಂಚ, ಹೊಸೂರು ಪೇಟೆಯ ತಮಿಳು ಹೆಂಗಸು. ಬಾಗಿಲ ಮಂಚ ಕೃಷ್ಣಗಿರಿಯವಳಿಗೆ ಹೋಯಿತು.

ಒಂದು ಗಳಿಗೆ ನನಗೆ ಖುಷಿಯೇ ಆಯಿತು. ಅವಳಿಗೆ ಬರುತ್ತಿದ್ದ ಕನ್ನಡ "ಊಟ ಆಯ್ತಾ" ಮತ್ತು "ನೋವು ಇದೆಯಾ" ಎರಡೇ. ಇಷ್ಟರಲ್ಲಿ ಅದೇನು ಪರೀಕ್ಷೆ ಮಾಡುತ್ತಾಳೋ ಮಾಡಲಿ ಎಂದುಕೊಂಡೆ. ಸೇಲಂ ಕಡೆಯಿಂದ ಬಂದಿದ್ದ ಎಕ್ಸಾಮಿನರ್ ಮೇಡಂಗೂ ಕನ್ನಡ ಬರುತ್ತಿರಲಿಲ್ಲ. ಅವರು ವಾರ್ಡ್ ಸಿಸ್ಟರ್ ಮುಖ ನೋಡಿದರು. ಸಿಸ್ಟರ್ ನನ್ನ ಕಡೆ ಬೆರಳು ತೋರಿಸಿದರು.

ಹೀಗೆ ನಾನು ನನ್ನ ಪರೀಕ್ಷೆಗೆ ಮುಂಚೆ ಅವಳ ಪರೀಕ್ಷೆಗೆ ನಿಂತೆ. "ಅವಳು ಕೇಳಿದ್ದನ್ನು ಕೇಳು. ಆಯಮ್ಮ ಹೇಳಿದ್ದನ್ನು ಹೇಳು. ನೀನಾಗಿ ಒಂದು ಮಾತು ಸೇರಿಸಬಾರದು, ಒಂದು ಮಾತು ಬಿಡಬಾರದು" ಎಂದು ಮೇಡಂ ಕಟ್ಟಪ್ಪಣೆ ಮಾಡಿದರು. ಮನೆಯವರೆಲ್ಲ ಉಂಡು ಹೋದ ಮೇಲೆ ಎಂಜಲೆಲೆ ಎತ್ತುವುದಕ್ಕೆ ಕರೆದ ಹಾಗಾಯಿತು ನನಗೆ. ಆದರೂ "ಶರಿ ಮೇಡಂ" ಎಂದೆ.

ಕೃಷ್ಣಗಿರಿಯವಳು ಮೊದಲು ಕೈ ತೊಳೆದಳು. ತೊಳೆದ ಕೈಯನ್ನು ಒಂದಕ್ಕೊಂದು ಉಜ್ಜಿ ಬೆಚ್ಚಗೆ ಮಾಡಿಕೊಂಡು ಆಮೇಲೆ ಹೊಟ್ಟೆಯ ಮೇಲಿಟ್ಟಳು. ಮಗುವಿನ ತಲೆ ಎಲ್ಲಿ, ಬೆನ್ನು ಎಲ್ಲಿ ಎಂದು ನೋಡಿದಳು, ಎದೆಬಡಿತ ಕೇಳಿದಳು. ಎಲ್ಲ ಮುಗಿದ ಮೇಲೆ ಪ್ರಶ್ನೆ. ಎಷ್ಟನೇ ಬಸುರು, ಮಗು ಆಡುತ್ತಿದೆಯಾ, ಊತ ಯಾವಾಗಿನಿಂದ. ಅವಳು ತಮಿಳಿನಲ್ಲಿ ಕೇಳುವುದು, ನಾನು ಕನ್ನಡಕ್ಕೆ ತರುವುದು, ಬಂದ ಉತ್ತರವನ್ನು ತಮಿಳಿಗೆ ಒಯ್ಯುವುದು. ನನ್ನ ಬಾಯಿಂದ ಬಂದ ಒಂದೊಂದು ಉತ್ತರಕ್ಕೂ ಮೇಡಂ ಅವಳ ಕಡೆ ನೋಡಿ ತಲೆದೂಗುತ್ತಿದ್ದರು. ನಾನು ಅಲ್ಲಿದ್ದೇನೆ ಎನ್ನುವುದೇ ಅವರಿಗೆ ಮರೆತುಹೋಗಿತ್ತು.

"ತಲೆನೋವು ಐತಾ?" ಎಂದು ಕೇಳಿದೆ.

"ಇಲ್ಲ ಕಣವ್ವ."

"ಕಣ್ಣು ಮಬ್ಬು ಗಿಬ್ಬು?"

"ಏನಿಲ್ಲ ಬುಡು."

ಇಲ್ಲವಂತೆ ಎಂದು ತಿರುಗಿಸಿ ಹೇಳಿದೆ. ಕೃಷ್ಣಗಿರಿಯವಳು ಮುಂದಿನ ಪ್ರಶ್ನೆ ಕೇಳಲಿಲ್ಲ. ಆ ಹೆಂಗಸಿನ ಊದಿದ ಪಾದದ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಿಂತಳು. ಮೇಡಂ ಗಡಿಯಾರ ನೋಡಿಕೊಂಡರು. ಪ್ರಶ್ನೆ ಮರೆತುಹೋಯಿತು ಇವಳಿಗೆ ಎಂದು ನನಗೆ ಹಾಲು ಕುಡಿದಷ್ಟು ಸಂತೋಷ. ಅವಳು ಮರೆತಿರಲಿಲ್ಲ, ಕಾಯುತ್ತಿದ್ದಳು. ನಾನಾಗಿದ್ದರೆ ಮುಂದಿನ ಪ್ರಶ್ನೆಗೆ ಹೋಗಿರುತ್ತಿದ್ದೆನೋ ಏನೋ.

ಆ ಮೌನದಲ್ಲಿ ಹೆಂಗಸು ನನ್ನ ಏಪ್ರನ್ನಿನ ಅಂಚು ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಅತ್ತೆ ಬಿಸಿನೀರು ತರಲು ಹೋಗಿದ್ದಳು. "ನೀನು ನಮ್ ಕಡೆ ಮಗ್ಳಲ್ವಾ, ನಿಂಗ್ ಹೇಳ್ತೀನಿ" ಎಂದು ಪಿಸುಗುಟ್ಟಿದಳು. "ನೆನ್ನೆಯಿಂದ ಕಣ್ಮುಂದೆ ಮಿಣಮಿಣ ಮಿಂಚ್ತದೆ. ಎದೆಗುಂಡಿಗೆ ಕೆಳಗೆ ಹಿಂಡ್ದಂಗಾಯ್ತದೆ. ಇವ್ರಿಗೆ ಹೇಳ್ಬ್ಯಾಡ ಕಣವ್ವ. ಹೇಳಿದ್ರೆ ಹೊಟ್ಟೆ ಕುಯ್ದಾಕ್ಬುಡ್ತಾರೆ. ಕುಯ್ಸ್ಕಂಡ್ರೆ ಆಮ್ಯಾಕೆ ಮೂಟೆ ಎತ್ತಕಾಯ್ತದಾ, ನೀರು ಹೊರಕಾಯ್ತದಾ?"

ಅದು ಏನೆಂದು ನನಗೆ ಕೂಡಲೇ ಗೊತ್ತಾಯಿತು. ಬಸುರಿಗೆ ಬಿಪಿ ಏರಿ, ಕಣ್ಣ ಮುಂದೆ ಮಿಂಚಿ, ಎದೆಯ ಕೆಳಗೆ ನೋವು ಬಂದರೆ ಆಮೇಲೆ ಬರುವುದು ಫಿಟ್ಸ್. ತಾಯಿಯೂ ಹೋಗಬಹುದು, ಮಗುವೂ ಹೋಗಬಹುದು. ಇದು ನಮಗೆ ಪುಸ್ತಕದಲ್ಲೂ ಇತ್ತು, ವಾರ್ಡಿನಲ್ಲೂ ನೋಡಿದ್ದೆವು. ಮರುಕ್ಷಣ ಇನ್ನೊಂದು ಯೋಚನೆ ಬಂತು. ಇದನ್ನು ಇವಳು ಹೇಳಿದ್ದು ನನಗೆ. ನನ್ನ ಭಾಷೆಯಲ್ಲಿ, ನನ್ನ ಕಿವಿಗೆ, ನನ್ನೊಬ್ಬಳನ್ನೇ ನಂಬಿ. ಈಗ ಇಲ್ಲಿ ಬಾಯಿಬಿಟ್ಟರೆ ಅದು ಕೃಷ್ಣಗಿರಿಯವಳ ಪರೀಕ್ಷೆಯೊಳಗೆ ಬೀಳುತ್ತದೆ. ಸ್ವಲ್ಪ ತಡೆದು, ಅವಳ ಪರೀಕ್ಷೆ ಮುಗಿದು, ಮೇಡಂ ಕಾಫಿಗೆ ಎದ್ದಾಗ ಸಿಸ್ಟರ್ ಹತ್ತಿರ ಹೋಗಿ, "ಸಿಸ್ಟರ್, ಬಾಗಿಲ ಮಂಚದವಳ ಬಗ್ಗೆ ಒಂದು ಮಾತು" ಎಂದರೆ ಅದು ನನ್ನದು. ಕೆಲಸವೂ ನನ್ನದು. ಹೇಳಬೇಡ ಎಂದು ಆ ಹೆಂಗಸೇ ಕೇಳಿಕೊಂಡಿದ್ದಾಳೆ, ನನ್ನ ಮೇಲೆ ಯಾರೂ ತಪ್ಪು ಹೊರಿಸುವಂತಿಲ್ಲ.

"ಎನ್ನ ಸೊಲ್ರಾಂಗ?" ಏನು ಹೇಳುತ್ತಿದ್ದಾರೆ ಎಂದು ಕೃಷ್ಣಗಿರಿಯವಳು ಕೇಳಿದಳು.

ಹೆಂಗಸಿನ ಬೆರಳುಗಳು ಇನ್ನೂ ನನ್ನ ಏಪ್ರನ್ ಹಿಡಿದಿದ್ದವು. ಉಂಗುರ ಮಾಂಸದೊಳಗೆ ಹೂತುಹೋಗುವಷ್ಟು ಊದಿದ್ದವು. ಹಿಂದೆ ಒಂದು ಸಲ ಇದೇ ಸಾಲಿನ ಮಂಚದ ಮೇಲೆ ಒಬ್ಬಳು ಫಿಟ್ಸ್ ಬಂದು ನಾಲಿಗೆ ಕಚ್ಚಿಕೊಂಡದ್ದು, ನಾನು ಅವಳ ಕಾಲು ಅದುಮಿ ಹಿಡಿದದ್ದು ನೆನಪಾಯಿತು. ಹೇಳಿಬಿಟ್ಟೆ. ಒಳ್ಳೆಯತನಕ್ಕೆ ಹೇಳಿದೆ ಎಂದು ಈಗ ಬಣ್ಣ ಬಳಿಯುವುದಿಲ್ಲ, ಹೆದರಿಕೆಗೆ ಹೇಳಿದೆ. ಮಿಂಚುವುದು, ಹಿಂಡುವುದು, ನಿನ್ನೆಯಿಂದ ಎನ್ನುವುದು, ಹೇಳಬೇಡ ಎಂದದ್ದು, ಎಲ್ಲವನ್ನೂ ಒಂದೂ ಬಿಡದೆ ತಮಿಳಿಗೆ ತಂದೆ. ಹೇಳುವಾಗ ನನ್ನ ಕೈ ತಾನಾಗಿ ಕಣ್ಣಿನ ಕಡೆ, ಎದೆಯ ಕೆಳಗೆ ಹೋಯಿತು. ಭಾಷೆ ಬಾರದಿದ್ದರೂ ಹೆಂಗಸಿಗೆ ಅರ್ಥವಾಯಿತು. ಅವಳು ನನ್ನ ಏಪ್ರನ್ ಬಿಟ್ಟಳು.

ಆಮೇಲೆ ನನ್ನ ಕಡೆ ಯಾರೂ ನೋಡಲಿಲ್ಲ. ಕೃಷ್ಣಗಿರಿಯವಳು ಗಾಬರಿಯಾಗಲಿಲ್ಲ, ಓಡಲಿಲ್ಲ. "ಮೇಡಂ, ಪರೀಕ್ಷೆ ಇಲ್ಲಿಗೆ ನಿಲ್ಲಿಸ್ತೀನಿ" ಎಂದಳು. ಎಕ್ಸಾಮಿನರ್ ಎದುರಿಗೇ ಪರೀಕ್ಷೆ ನಿಲ್ಲಿಸುವ ಧೈರ್ಯ ನೋಡಿ! ಹೆಂಗಸನ್ನು ಎಡಮಗ್ಗುಲಿಗೆ ತಿರುಗಿಸಿದಳು, ಬಿಪಿ ತಾನೇ ಮತ್ತೆ ನೋಡಿದಳು. ಬೆಳಿಗ್ಗೆಗಿಂತ ಬಹಳ ಏರಿತ್ತು. ಅಷ್ಟರಲ್ಲಿ ಸಿಸ್ಟರ್ ಡಾಕ್ಟರಿಗೆ ಹೇಳಿಕಳಿಸಿದ್ದರು. ಫಿಟ್ಸ್ ತಡೆಯುವ ಇಂಜೆಕ್ಷನ್ ಬಂತು. ಅದು ಉರಿ ಇಂಜೆಕ್ಷನ್, ಹಾಕಿಸಿಕೊಂಡವರು ಊರು ಕೇಳುವ ಹಾಗೆ ಕಿರುಚುತ್ತಾರೆ. ಸಿಸ್ಟರ್ ಅದನ್ನು ಕೃಷ್ಣಗಿರಿಯವಳ ಕೈಗೇ ಕೊಟ್ಟರು. ಹೆಂಗಸು ಹಲ್ಲು ಕಚ್ಚಿಕೊಂಡಳು, ಕಿರುಚಲಿಲ್ಲ.

ನಾನೂ ಇದನ್ನೆಲ್ಲ ಮಾಡುತ್ತಿದ್ದೆ. ಎಡಮಗ್ಗುಲಿಗೆ ತಿರುಗಿಸುವುದು ನನಗೆ ಗೊತ್ತಿಲ್ಲವಾ? ಬಿಪಿ ನೋಡುವುದು ಗೊತ್ತಿಲ್ಲವಾ? ಇವತ್ತಿಗೂ ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ.

ಆಪರೇಷನ್ ಆಯಿತು. ಹೆಣ್ಣುಮಗು, ತಾಯಿ ಮಗು ಇಬ್ಬರೂ ಕ್ಷೇಮ. ನನ್ನ ಪರೀಕ್ಷೆ ಮಧ್ಯಾಹ್ನ ನಡೆಯಿತು. ಮೂಲೆಯ ಮಂಚದ ತಮಿಳು ಹೆಂಗಸು ಆರೋಗ್ಯವಾಗಿ ಗುಂಡುಕಲ್ಲಿನ ಹಾಗಿದ್ದಳು, ಅವಳಿಗೆ ಒಂದು ಕೆಮ್ಮೂ ಇರಲಿಲ್ಲ. ನಾನು ಹೊಟ್ಟೆ ಮುಟ್ಟಿ ಮಗುವಿನ ಬೆನ್ನು ಎಲ್ಲಿದೆ ಎಂದು ಹೇಳುತ್ತಿದ್ದರೆ ಮೇಡಂ ಸಿಸ್ಟರ್ ಜೊತೆ ಬೆಳಗಿನ ಕೇಸಿನ ಬಗ್ಗೆಯೇ ಮಾತಾಡುತ್ತಿದ್ದರು. "ಹಿಸ್ಟರಿ ತೆಗೆಯೋದು ಅಂದ್ರೆ ಹಾಗೆ" ಎಂದರು. ನಾನು ಬೆನ್ನನ್ನು ಎರಡನೆಯ ಸಲ ಹೇಳಿದೆ. "ಶರಿ ಶರಿ" ಎಂದರು.

ಕೃಷ್ಣಗಿರಿಯವಳು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಅವಳು ಹಾಗೆ ಇರುವವಳಲ್ಲ. ನನ್ನದು ಮುಗಿದ ಕೂಡಲೇ ಮೇಡಂ ಹತ್ತಿರ ಬಂದು, "ಅದನ್ನು ಆಯಮ್ಮ ಹೇಳಿದ್ದು ಇವಳಿಗೆ, ಮೇಡಂ. ಇವಳು ಹೇಳದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ" ಎಂದಳು. ಮೇಡಂ ನನ್ನ ಕಡೆ ನೋಡಿ ನಕ್ಕರು. "ಹೇಳೋಕೆ ತಾನೇ ಇವಳನ್ನು ನಿಲ್ಲಿಸಿದ್ದು. ನೀನು ಕಾಯದೆ ಹೋಗಿದ್ದರೆ ಆಯಮ್ಮ ಬಾಯಿ ಬಿಡುತ್ತಿದ್ದಳಾ?" ಎಂದರು. ಕೃಷ್ಣಗಿರಿಯವಳು ಕೆಟ್ಟವಳಾಗಿದ್ದರೆ, ಒಂದಿಷ್ಟು ಕಳ್ಳಬುದ್ಧಿ ಇದ್ದಿದ್ದರೆ, ನನಗೆ ಎಷ್ಟು ಸುಲಭವಾಗಿರುತ್ತಿತ್ತು. ಮನೆಗೆ ಹೋಗಿ ಅವ್ವನ ಮುಂದೆ ಬಯ್ದುಕೊಂಡಾದರೂ ಹಗುರಾಗುತ್ತಿದ್ದೆ. ಇವಳು ಅದಕ್ಕೂ ಕಲ್ಲು ಹಾಕಿದಳು.

ರಿಸಲ್ಟ್ ಬರಲು ಇನ್ನೂ ದಿನವಿತ್ತು. ನನಗೆ ಪೂರಾ ಆಸೆ ಬಿಟ್ಟಿರಲಿಲ್ಲ. ಪ್ರಾಕ್ಟಿಕಲ್ ಒಂದೇ ಅಲ್ಲ, ಮೂರು ವರ್ಷದ ಕೆಲಸವನ್ನೂ ನೋಡುತ್ತಾರೆ ಎಂದು ಯಾರೋ ಹೇಳಿದ್ದರು. ಕಾಡಿನ ಕಡೆಯ ಕನ್ನಡ ಹೆಂಗಸರು ಬರುವ ವಾರ್ಡಿಗೆ ಕನ್ನಡದವಳೇ ಬೇಕು ಎಂದು ನಾನು ನನ್ನಷ್ಟಕ್ಕೆ ವಾದ ಕಟ್ಟಿಕೊಂಡಿದ್ದೆ. ಸಿಸ್ಟರ್ ಕೇಳಿದರೆ ಹೇಳಲು ಅದನ್ನು ತಮಿಳಿನಲ್ಲಿ ಬಾಯಿಪಾಠವೂ ಮಾಡಿಕೊಂಡಿದ್ದೆ.

ಹೊಲಿಗೆ ಬಿಚ್ಚಿ ಆ ಹೆಂಗಸನ್ನು ಮನೆಗೆ ಕಳಿಸುವ ದಿನ ಬಂತು. ಕೃಷ್ಣಗಿರಿಯವಳು ಅಷ್ಟು ದಿನವೂ ಅವಳ ತಲೆ ಬಾಚಿದ್ದಳು, ಗಂಜಿ ಕುಡಿಸಿದ್ದಳು, ಮಗುವಿಗೆ ಹಾಲು ಹಿಡಿಸುವುದನ್ನು ಕೈಸನ್ನೆಯಲ್ಲೇ ಕಲಿಸಿದ್ದಳು. ನಾನು ಆ ಮಂಚದ ಕಡೆ ಹೆಚ್ಚು ಹೋಗಿರಲಿಲ್ಲ. ಅವತ್ತು ಅತ್ತೆಯೇ ದೂರದಿಂದ ಕೈಬೀಸಿ ಕರೆದಳು. "ಏ, ನಮ್ ಕಡೆ ಹುಡ್ಗಿ, ಬಾವ್ವ ಇಲ್ಲಿ!"

ಇಡೀ ವಾರ್ಡು ತಿರುಗಿ ನೋಡಿತು. ನಾನು ಕ್ಯಾಪ್ ಸರಿಮಾಡಿಕೊಂಡು ಹೋದೆ. ಕೊನೆಗಾದರೂ ಒಬ್ಬರಿಗೆ ಗೊತ್ತಾಯಿತಲ್ಲ ಎಂದು ಕಣ್ಣಂಚು ಒದ್ದೆಯಾಗಿತ್ತು. "ಆಯಮ್ಮನ್ನೂ ಕರ್ಕಂಬಾ" ಎಂದಳು ಅತ್ತೆ. ಕೃಷ್ಣಗಿರಿಯವಳನ್ನೂ ಕರೆದೆ. ಸೊಸೆ ಮಗುವನ್ನು ಮಡಿಲಿನಲ್ಲಿಟ್ಟುಕೊಂಡು ನನ್ನನ್ನು ದುರುಗುಟ್ಟಿ ನೋಡಿದಳು.

"ನಿನ್ ನಂಬಿ ಹೇಳಿದ್ನಲ್ಲ. ಹೋಗಿ ಊದ್ಬುಟ್ಟೆಯಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಹೇಳ್ದಿದ್ರೆ ನೀನೂ ಇರ್ತಿರ್ಲಿಲ್ಲ, ನಿನ್ ಮಗೂನೂ ಇರ್ತಿರ್ಲಿಲ್ಲ ಕಣಕ್ಕ!"

"ಬುಡವ್ವ, ಆಗಿದ್ದಾಯ್ತು" ಎಂದು ಅತ್ತೆ ನನ್ನ ಭುಜ ತಟ್ಟಿದಳು. "ಕುಯ್ಸಿದೋಳು ನೀನು, ಉಳಿಸ್ದೋಳು ಆಯಮ್ಮ. ಅದ್ಕೆ ಯಾಕೆ ಹಂಗೆ ಎಗರ್ತೀಯಾ?"

"ಎನ್ನ ಸೊಲ್ರಾಂಗ?" ಎಂದಳು ಕೃಷ್ಣಗಿರಿಯವಳು. ನಿನ್ನನ್ನು ಹೊಗಳುತ್ತಿದ್ದಾರೆ ಎಂದೆ. ಅದು ಸುಳ್ಳಲ್ಲ. ಅವಳ ಮುಖ ಕೆಂಪಾಯಿತು.

ಸೊಸೆಯ ದನಿ ಈಗ ಮೆತ್ತಗಾಗಿತ್ತು. ಕೃಷ್ಣಗಿರಿಯವಳ ಕೈ ಹಿಡಿದುಕೊಂಡು, ನನ್ನ ಕಡೆ ನೋಡದೆ ನನಗೆ ಹೇಳಿದಳು. "ಆಯಮ್ಮಂಗೆ ಹೇಳು. ನಿನ್ ಕೈಗುಣ ದೊಡ್ಡದು ತಾಯಿ, ನಿನ್ ಹೊಟ್ಟೆ ತಣ್ಣಗಿರ್ಲಿ ಅನ್ನು. ಇನ್ನೊಂದು ಬಸ್ರಾದ್ರೂ ನಿನ್ ತಾವ್ಲೇ ಬತ್ತೀನಿ ಅನ್ನು."

ನಾನು ಹೇಳಿದೆ. ಕೈಗುಣ, ತಣ್ಣಗಿರಲಿ ಎನ್ನುವುದು, ಮುಂದಿನ ಬಸುರು, ಎಲ್ಲವನ್ನೂ ಹೇಳಿದೆ. ನನ್ನ ತಮಿಳು ಅವತ್ತು ಎಲ್ಲೂ ತೊಡರಲಿಲ್ಲ. ಕೃಷ್ಣಗಿರಿಯವಳ ಕಣ್ಣು ತುಂಬಿಬಂತು. ಅವಳು ನಗುತ್ತಾ, ಹಿಂದೆಮುಂದೆ ಯೋಚಿಸದೆ ಅಂದುಬಿಟ್ಟಳು:

"ವರ ಸೊಲ್ಲು. ನಾನ್ ಇಂಗದಾನೇ ಇರುಪ್ಪೇನ್."

ಅಂದಮೇಲೆ ಅವಳ ನಗು ಹಾಗೇ ನಿಂತಿತು. ನನ್ನ ಮುಖ ನೋಡಿದಳು. ಸಿಸ್ಟರ್ ಬೆಳಿಗ್ಗೆಯೇ ಅವಳನ್ನು ಒಳಗೆ ಕರೆದು ಮಾತಾಡಿದ್ದರು. ಏನೆಂದು ನಾನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ನನ್ನ ತೋಳು ಹಿಡಿಯಲು ಕೈ ಚಾಚಿದಳು. ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದೆ.

"ಏನಂತಾಳವ್ವ?" ಅತ್ತೆ ಕೇಳಿದಳು.

"ಬಾ ಅಂತಾಳೆ" ಎಂದೆ. "ಇನ್ಮೇಲೆ ಅವ್ಳು ಇಲ್ಲೇ ಇರ್ತಾಳಂತೆ."